ನಾಲ್ಕು ಮನೆಯ ಲೋಹ

ಅವರ ಬಲಗೈಯ ಹೆಬ್ಬೆರಳಿನಲ್ಲಿ, ಅದರ ಪಕ್ಕದ ಎರಡು ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯಲ್ಲಿ ಉರುಳಿ ಉರುಳಿ ಸವೆದ ಬೆಣಚುಕಲ್ಲಿನಂತೆ ತುದಿಗಳು ನುಣ್ಣಗೆ ಮಿರುಗುತ್ತಿದ್ದವು. ಡಯಾಲಿಸಿಸ್‌ಗೆ ಹೆಸರು ನೋಂದಾಯಿಸುವ ದಿನ ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳು ಇಟ್ಟರು. ಕೆಂಪು ದೀಪ ಹತ್ತಿತು. ಲುಂಗಿಯ ಅಂಚಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಕೆಂಪು. ನನ್ನ ಬೆನ್ನ ಹಿಂದೆ ಆಗಲೇ ಒಂದು ಮಶೀನು ಕೂಗಿಕೊಳ್ಳುತ್ತಿತ್ತು.

"ಗಟ್ಟಿಯಾಗಿ ಒತ್ರಿ ಅಜ್ಜಾರೆ," ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ಒತ್ತಿದ್ರೆ ಬೀಳಾಕೆ ಅಲ್ಲಿ ಏನಾದ್ರೂ ಇರಬೇಕಲ್ಲವ್ವ," ಎಂದರು. "ನಲವತ್ತು ವರ್ಷ ಕಾದ ಪಾತ್ರೆ ಮುಟ್ಟೀನಿ. ಗೆರೆ ಎಲ್ಲಾ ಜನರ ಮನೆ ಪಾತ್ರೆಗೆ ಹೋಗ್ಯಾವೆ."

ಅವರು ಸಂತೇಬೆನ್ನೂರಿನ ಕಲಾಯಿಯವರು. ತಾಮ್ರದ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಲೇಪ ಕೊಡುವುದು ಅವರ ಕಸುಬು. ಆ ಲೇಪ ಹೋದರೆ ಹುಳಿ ಪದಾರ್ಥ ಪಾತ್ರೆಯಲ್ಲಿ ಕಿಲುಬುತ್ತದೆ. ಸೈಕಲ್ಲಿಗೆ ತಿದಿ, ಇದ್ದಿಲ ಚೀಲ, ಕಾದ ಪಾತ್ರೆಗೆ ಉಜ್ಜುವ ನವಸಾಗರದ ಡಬ್ಬಿ ಕಟ್ಟಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಲ್ಲ ಸುತ್ತಿ, ಮದುವೆಯ ದಿನಗಳಲ್ಲಿ ಜಗಳೂರಿನವರೆಗೂ ಹೋಗಿಬರುತ್ತಿದ್ದರಂತೆ. ಒಂದೇ ಊರಿನಲ್ಲಿ ಎರಡು ರಾತ್ರಿ ಮಲಗಿದ್ದು ನೆನಪಿಲ್ಲ ಎನ್ನುತ್ತಿದ್ದರು. ಸ್ಟೀಲು ಬಂದು ಕಸುಬು ಸೊರಗಿತು, ಆಮೇಲೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ನಾನು ಗೋವಿನಕೋವಿಯವಳು. ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಚನ್ನಗಿರಿಯಲ್ಲಿ ಐದು ಮಶೀನುಗಳ ಒಂದು ಸಣ್ಣ ಘಟಕಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ. ಮೊದಲ ದಿನ ಅಜ್ಜ ಎಂದವಳು ಎರಡನೆಯ ವಾರದಿಂದ ಎಲ್ಲರಂತೆ ಚಾಚಾ ಎನ್ನತೊಡಗಿದೆ.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿರುತ್ತೇವೆ. ಒಂದರಿಂದ ರಕ್ತ ಹೊರಗೆ ಬಂದು, ಮಶೀನಿನಲ್ಲಿ ತೊಳೆದುಕೊಂಡು, ಇನ್ನೊಂದರಿಂದ ಒಳಗೆ ಹೋಗುತ್ತದೆ. ಅಷ್ಟು ಹೊತ್ತೂ ಆ ಕೈ ಅಲುಗಬಾರದು. ಚಾಚಾಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಕೈ ಹಿಡಿದಿಟ್ಟುಕೊಂಡರೆ ಕಾಲು ಕುಣಿಯುತ್ತಿತ್ತು. ಕಾಲನ್ನು ಮಡಿಸಿ ಹಾಕಿದರೆ ಸೊಂಟ ಹೊರಳುತ್ತಿತ್ತು. ಸೂಜಿ ಸರಿದು ಮಶೀನು ಬಡಿದುಕೊಳ್ಳುತ್ತಿತ್ತು, ನಾನು ಓಡಿಬರುತ್ತಿದ್ದೆ.

"ಎಷ್ಟಾತು ತಾಯಿ?"

"ಇಪ್ಪತ್ತು ನಿಮಿಷ ಚಾಚಾ."

"ಆವಾಗ್ಲೂ ಇಪ್ಪತ್ತು ಅಂದಿದ್ಯಲ್ಲ."

ನಾನೂ ಆಗ ಕೂತಲ್ಲಿ ಕೂರುವ ಪೈಕಿ ಆಗಿರಲಿಲ್ಲ. ಶಿವಮೊಗ್ಗ, ದಾವಣಗೆರೆ ಎಂದು ಬೇರೆ ಕಡೆಗೆಲ್ಲ ಅರ್ಜಿ ಹಾಕಿದ್ದೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ನಾಲ್ಕು ಹೆಜ್ಜೆಯಲ್ಲಿ ಫೋನು ತೆಗೆದು ನೋಡುತ್ತಿದ್ದೆ. ಒಂದು ದಿನ ಚಾಚಾನ ಕಾಲು ಕುಣಿತ ತಡೆಯಲಾರದೆ, "ಏನಾದ್ರೂ ಓದ್ರಿ, ಮನಸ್ಸು ಬೇರೆ ಕಡೆ ಹೋಗ್ತೈತೆ" ಎಂದೆ. ಅವರು ಬಲಗೈಯಿಂದ ಅಂಗಿಯ ಜೇಬಿನಿಂದ ಮಡಿಸಿದ ಪೇಪರು ತೆಗೆದರು. ಹಳೆಯ ಪೇಪರಿನಿಂದ ಪದಬಂಧವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದರು.

ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಅವರ ಓದು ನಿಂತಿತ್ತು. ಪಾತ್ರೆ ಸುತ್ತಿ ಕೊಡಲು ತರುತ್ತಿದ್ದ ಹಳೇ ಪೇಪರುಗಳಲ್ಲಿ, ಬೆಂಕಿ ಹದಕ್ಕೆ ಬರುವವರೆಗೆ ಕೂರಲಾರದೆ ಪದಬಂಧ ತುಂಬಿಸುವ ಚಟ ಹತ್ತಿತಂತೆ. ಉತ್ತರ ಎಂದೂ ಸಿಗುತ್ತಿರಲಿಲ್ಲ, ಮರುದಿನದ ಪೇಪರು ಬೇರೆ ಯಾರದೋ ಮನೆಯ ಪಾತ್ರೆಗೆ ಸುತ್ತಿರುತ್ತಿತ್ತು.

ಅವರಿಗೆ ಹೆಚ್ಚು ಖುಷಿ ಕೊಡುತ್ತಿದ್ದದ್ದು ಲೋಹಗಳ ಸುಳಿವು. "ಈ ಪದಬಂಧ ಕಟ್ಟೋರಿಗೆ ಮೂಲೆ ತುಂಬದೇ ಹೋದ್ರೆ ಒಂದು ಲೋಹ ತಂದು ಕೂರಿಸ್ತಾರೆ ನೋಡು," ಎನ್ನುತ್ತಿದ್ದರು. ಎರಡು ಮನೆಯ, ಅಂದರೆ ಎರಡಕ್ಷರದ, ಲೋಹ ಎಂದರೆ ಥಟ್ಟನೆ ಬರೆಯುತ್ತಿರಲಿಲ್ಲ. ಚಿನ್ನ, ಬೆಳ್ಳಿ, ತಾಮ್ರ, ಸೀಸ, ಸತು ಎಲ್ಲಕ್ಕೂ ಎರಡೇ ಮನೆ. ಮೇಲಿನಿಂದ ಕೆಳಕ್ಕೆ ಒಂದಾದರೂ ಅಕ್ಷರ ಬಂದ ಮೇಲೆಯೇ ಪೆನ್ಸಿಲ್ಲು ಊರುತ್ತಿದ್ದರು. ಮೂರು ಮನೆಗೆ ಕಬ್ಬಿಣ, ಬಂಗಾರ, ತವರ. ನಾಲ್ಕು ಮನೆಯ ಲೋಹ ಒಂದೇ, ಪಾದರಸ. ಅದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಯಾರಾದರೂ ಲೋಹವೆಂದು ಸುಳಿವು ಕೊಟ್ಟು ಉತ್ತರಕ್ಕೆ ಹಿತ್ತಾಳೆ ಇಟ್ಟಿದ್ದರೆ ರೇಗುತ್ತಿದ್ದರು. "ಹಿತ್ತಾಳಿ ಲೋಹ ಅಲ್ಲ ತಾಯಿ, ಅದು ಸಂಸಾರ. ತಾಮ್ರನೂ ಸತುನೂ ಮದುವೆ ಆಗ್ಯಾವೆ."

ಎದುರಿನ ಹಾಸಿಗೆಯಲ್ಲಿ ಒಬ್ಬರು ಟೀಚರಮ್ಮ ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ನಲವತ್ತು ತುಂಬಿರಲಿಲ್ಲ. ಕಾಯಿಲೆಯಾದ ಮೇಲೆ ರಜೆಯಲ್ಲಿದ್ದರು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ನಾಲ್ಕು ತಾಸೂ ಒಂದು ಮಾತಿಲ್ಲ. ಚಾಚಾ ಹಿತ್ತಾಳೆಯ ಸಂಸಾರದ ಮಾತು ಆಡಿದ ದಿನ ಅವರು ಮೊದಲ ಸಲ ಇತ್ತ ತಿರುಗಿದರು. "ಸರಿಯಾಗಿ ಹೇಳಿದ್ರಿ. ಅದು ಮಿಶ್ರಲೋಹ," ಎಂದರು. ಅಂದಿನಿಂದ ಚಾಚಾ ಸುಳಿವು ಗಟ್ಟಿಯಾಗಿ ಓದುವುದು, ಟೀಚರ್ ಗೋಡೆಗೆ ಮುಖ ಮಾಡಿಕೊಂಡೇ ಉತ್ತರ ಹೇಳುವುದು ಶುರುವಾಯಿತು.

ಪೊಟ್ಯಾಸಿಯಂ ವಿಷಯ ಬಂದದ್ದು ನನ್ನಿಂದ. ಮೂತ್ರಪಿಂಡ ಕೆಲಸ ಮಾಡದವರಿಗೆ ಅದು ಮೈಯಲ್ಲಿ ನಿಂತುಬಿಡುತ್ತದೆ. ಎಳನೀರು, ಬಾಳೆಹಣ್ಣು, ಖರ್ಜೂರ ಬೇಡ ಎಂದು ಪ್ರತಿಯೊಬ್ಬರಿಗೂ ಹೇಳುವುದು ನನ್ನ ಕೆಲಸ. ಚಾಚಾಗೂ ಹೇಳಿದೆ. "ಹೆಚ್ಚಾದ್ರೆ ಮೊದಲು ಕೈಕಾಲು ಬಿಡ್ತೈತೆ, ಆಮೇಲೆ ಎದೆ ನಿಲ್ಲಿಸ್ತೈತೆ."

"ಏನದು, ಪೊಟ್ಯಾಸಿಯಂ ಅಂದ್ರೆ? ಉಪ್ಪಾ?"

"ಅದೊಂದು ಲೋಹ ಚಾಚಾ."

ಕಾಲು ಕುಣಿಯುವುದು ನಿಂತಿತು. "ಎಳನೀರಾಗೆ ಲೋಹ ಐತಾ?"

"ಐತೆ. ಉಪ್ಪಿನಾಗೆ ಸೋಡಿಯಂ ಐತೆ, ಅದೂ ಲೋಹ. ನೀವು ಊಟದ ಜೊತೆ ನುಂಗೋ ಮಾತ್ರೆ ಕ್ಯಾಲ್ಸಿಯಂ, ಅದೂ ಲೋಹನೇ."

ಅವರು ಟೀಚರ್ ಕಡೆ ನೋಡಿದರು, ನಾನು ಸುಳ್ಳು ಹೇಳುತ್ತಿದ್ದರೆ ಅವರಾದರೂ ಬಿಡಿಸಲಿ ಎನ್ನುವ ಹಾಗೆ. ಟೀಚರ್, "ನಿಜ. ಪೊಟ್ಯಾಸಿಯಂನ ಚಾಕುವಿನಿಂದ ಬೆಣ್ಣೆ ಹಾಗೆ ಕೊಯ್ಯಬಹುದು. ನೀರಿಗೆ ಹಾಕಿದ್ರೆ ಉರಿಯುತ್ತೆ," ಎಂದರು.

"ಬಡಿದ್ರೆ ಸದ್ದು ಬರಬೇಕು, ಕಾಸಿದ್ರೆ ಕೆಂಪಾಗಬೇಕು. ಅದು ಲೋಹ. ನೀರಿಗೆ ಬಿದ್ರೆ ಉರಿಯೋದು ಎಂಥ ಲೋಹ?" ಚಾಚಾ ಕೇಳಿದರು. ಅದು ನಗೆಯ ಪ್ರಶ್ನೆಯಾಗಿರಲಿಲ್ಲ. ಟೀಚರ್ ತಮ್ಮ ಫೋನಿನಲ್ಲಿ ಮೂಲಧಾತುಗಳ ಕೋಷ್ಟಕ ತೆಗೆದು ನನ್ನ ಕೈಗೆ ಕೊಟ್ಟರು, ನಾನು ಚಾಚಾನ ಮುಖದ ಮುಂದೆ ಹಿಡಿದೆ. ಇದರಲ್ಲಿ ಲೋಹ ಯಾವುವು ಎಂದು ಕೇಳಿದರು. "ಮುಕ್ಕಾಲುಪಾಲು ಲೋಹಗಳೇ," ಎಂದರು ಟೀಚರ್. ಚಾಚಾ ಬಲಗೈ ಬೆರಳು ಆಡಿಸುತ್ತ ಆ ಮನೆಗಳನ್ನು ಎಣಿಸುತ್ತ ಹೋದರು. ಸೂಜಿ ತೆಗೆಯುವಾಗ ಹೇಳಿದರು, "ಇಡೀ ಆಯುಷ್ಯ ಲೋಹದ ಜೊತೆ ಬದುಕೀನಿ ಅಂದ್ಕೊಂಡಿದ್ದೆ. ಏಳೆಂಟು ಮನೆ ಬಿಟ್ರೆ ಆ ಕೇರಿಗೇ ನಾನು ಹೋಗಿಲ್ಲ."

ಮರುಸರದಿಗೆ ಬಂದಾಗ ಕೈಯಲ್ಲಿ ಗೆರೆ ಹಾಕಿದ ನೋಟುಬುಕ್ಕು. ದಿನಕ್ಕೆ ಒಂದು ಹೊಸ ಲೋಹದ ಹೆಸರು, ಅದು ಎಷ್ಟು ಮನೆ ಎಂಬ ಲೆಕ್ಕ. ಸೋಡಿಯಂ ಮೂರು, ಲಿಥಿಯಂ ಮೂರು, ಅಲ್ಯೂಮಿನಿಯಂ ಐದು. ಪೊಟ್ಯಾಸಿಯಂ ನಾಲ್ಕು ಎಂದು ಎಣಿಸಿದ ದಿನ ಪಾದರಸದ ಪಕ್ಕದಲ್ಲಿ ಅದನ್ನು ಬರೆದು, "ಒಬ್ಬನೇ ಇದ್ದ, ಈಗ ಪಾಲುದಾರ ಬಂದ," ಎಂದರು. ತಿಂಗಳೊಪ್ಪತ್ತಿನಲ್ಲಿ ಬೇರೆಯವರ ಪದಬಂಧ ಬಿಟ್ಟು ತಾವೇ ಕಟ್ಟತೊಡಗಿದರು. ಬರೀ ಲೋಹಗಳದ್ದು. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗುತ್ತಿತ್ತು. ಸುಳಿವುಗಳು ಯಾವ ಪುಸ್ತಕದಲ್ಲೂ ಸಿಗುವಂಥವಲ್ಲ. ಕಬ್ಬಿಣಕ್ಕೆ: 'ರಕ್ತ ಕಮ್ಮಿ ಆದವರಿಗೆ ನಮ್ಮ ತಾಯಿ ಇದರ ಸೂಜಿ ಕೊಡುತ್ತಾಳೆ.' ತಾಯಿ ಎಂದರೆ ನಾನು. ತವರಕ್ಕೆ: 'ಮುಖ ಕಪ್ಪಾದ ಪಾತ್ರೆ ಇದನ್ನು ಕಂಡರೆ ಮದುಮಗಳಾಗುತ್ತದೆ.' ಪೊಟ್ಯಾಸಿಯಂಗೆ: 'ಎಳನೀರಿನಲ್ಲಿ ಅಡಗಿ ಕೂತ ಕಳ್ಳ.' ಉಳಿದ ನಾಲ್ಕೂ ಹಾಸಿಗೆಯವರು ಕೂಗಿ ಉತ್ತರ ಹೇಳುತ್ತಿದ್ದರು. ಗೋಡೆಯ ಕಡೆ ತಿರುಗುವುದನ್ನು ಟೀಚರ್ ಯಾವಾಗ ಬಿಟ್ಟರೋ ನನಗೆ ಗೊತ್ತಾಗಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಒಂದು ಮಶೀನು ಕೆಟ್ಟು ನಿಂತಿತ್ತು. ಐದು ಜನಕ್ಕೆ ನಾಲ್ಕೇ ಮಶೀನು. ಟೀಚರ್ ಅರ್ಧ ತಾಸು ತಡವಾಗಿ ಬಂದರು. ಮಧ್ಯಾಹ್ನದ ಸರದಿಗೆ ಹಾಕುತ್ತೇನೆ, ಕೂತಿರಿ ಎಂದೆ. ಅವರು ಬೆಂಚಿನ ಮೇಲೆ ಕೂತರು. ಮೂವರಿಗೆ ಸೂಜಿ ಹಾಕಿಯಾಗಿತ್ತು, ಚಾಚಾ ಒಬ್ಬರೇ ಉಳಿದಿದ್ದರು. ಹಿಂದಿನ ದಿನ ಶಿವಮೊಗ್ಗದಿಂದ ಸಂದರ್ಶನಕ್ಕೆ ಕರೆ ಬಂದಿತ್ತು, ನನ್ನ ತಲೆಯೆಲ್ಲ ಅಲ್ಲಿತ್ತು.

ಚಾಚಾ ಹೊಸ ಪದಬಂಧ ಮುಗಿಸಿಕೊಂಡು ಬಂದಿದ್ದರು. "ಟೀಚರಮ್ಮಾ, ಮೊದಲನೇದು ನೀವೇ ತುಂಬ್ರಿ," ಎಂದು ನೋಟುಬುಕ್ಕು, ಪೆನ್ಸಿಲ್ಲು ಕೊಟ್ಟರು. ಪೆನ್ಸಿಲ್ಲು ಟೀಚರ್ ಕೈಯಿಂದ ಜಾರಿ ಬಿತ್ತು. ಚಾಚಾ ಎತ್ತಿಕೊಟ್ಟರು. ಮತ್ತೆ ಜಾರಿತು.

"ನಿನ್ನೆ ಓಡಾಟ ಜಾಸ್ತಿ ಆಯ್ತು, ಸುಸ್ತು," ಎಂದರು ಟೀಚರ್.

ಚಾಚಾ ಹಾಸಿಗೆಗೆ ಬಂದು ಮಲಗಿದರು. ಎಡಗೈಯನ್ನು ಸ್ಪಿರಿಟಿನಿಂದ ಒರೆಸಿ ಸೂಜಿಯ ಕ್ಯಾಪು ತೆಗೆದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಬೆಂಚನ್ನೇ ನೋಡುತ್ತಿದ್ದರು.

"ತಾಯಿ, ಚುಚ್ಚಬ್ಯಾಡ. ಮೊದಲು ಅವರನ್ನ ನೋಡು."

"ಅವರಿಗೆ ಮಧ್ಯಾಹ್ನ ಹಾಕ್ತೀನಿ ಚಾಚಾ. ಕೈ ಅಲುಗಿಸಬ್ಯಾಡ್ರಿ."

"ಪೆನ್ಸಿಲ್ಲು ಹಿಡಿಯಾಕೆ ಬರ್ತಿಲ್ಲ ಅವರಿಗೆ. ನಾಲ್ಕು ಮನೆದು ಅದು. ಮೊದಲು ಕೈಕಾಲು ಬಿಡ್ತೈತೆ ಅಂತ ನೀನೇ ಹೇಳಿದ್ದು."

"ಅವರು ಸೈನ್ಸ್ ಟೀಚರ್ ರೀ, ಅವರಿಗೆ ಗೊತ್ತಿರಲ್ವಾ? ನನಗೆ ಆಗಲೇ ಲೇಟಾಗೈತೆ."

ಅವರು ಎಡಗೈಯನ್ನು ನನ್ನ ಹಿಡಿತದಿಂದ ಎಳೆದುಕೊಂಡು ಕಂಕುಳಲ್ಲಿ ಸಿಕ್ಕಿಸಿ ಎದ್ದು ಕೂತರು. "ನಾನು ಕೈ ಕೊಡಲ್ಲ. ನನ್ನ ಮಶೀನು ಅವರಿಗೆ ಹಾಕು."

ಸಿಟ್ಟಿನಿಂದಲೇ ಬೆಂಚಿನ ಹತ್ತಿರ ಹೋದೆ. ಚಾಚಾನ ಬಾಯಿ ಮುಚ್ಚಿಸಲೆಂದು ಟೀಚರ್ ನಾಡಿ ಹಿಡಿದೆ. ಬಡಿತ ಒಂದಕ್ಕೂ ಇನ್ನೊಂದಕ್ಕೂ ನಡುವೆ ತೀರ ಹೆಚ್ಚು ಅಂತರವಿತ್ತು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಎದ್ದು ನಿಲ್ಲಿ ಎಂದರೆ ಅವರ ಮೊಣಕಾಲು ಮೈ ಹೊರಲಿಲ್ಲ. ಡಾಕ್ಟರನ್ನು ಕೂಗಿದೆ. ಇಸಿಜಿ ಪಟ್ಟಿಯ ಮೇಲೆ ಗೆರೆಗಳು ಗುಡಾರದ ಹಾಗೆ ಚೂಪಾಗಿ ನಿಂತಿದ್ದವು. ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಒಡೆದರು. ನಾನು ಮಶೀನಿನಿಂದ ಚಾಚಾನ ಹೆಸರಿನ ನಳಿಕೆಗಳನ್ನು ಬಿಚ್ಚಿ, ಟೀಚರ್ ಹೆಸರಿನವನ್ನು ಜೋಡಿಸಿದೆ. ಆತುರದಲ್ಲಿ ಒಂದು ಕ್ಲಿಪ್ಪು ಎರಡು ಸಲ ತಪ್ಪಿತು.

ಹಿಂದಿನ ದಿನ ಟೀಚರ್ ತಂಗಿಯ ಮಗುವಿನ ನಾಮಕರಣವಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಚೇತರಿಸಿಕೊಂಡ ಟೀಚರ್ ಕಣ್ಣು ಮುಚ್ಚಿಕೊಂಡು ಹೇಳಿದರು, "ಎರಡು ಎಳನೀರು ಕುಡಿದೆ. ಗೊತ್ತಿದ್ದೇ ಕುಡಿದೆ. ದಿನಕ್ಕೆ ಎರಡು ಲೋಟ ನೀರಿನಲ್ಲಿ ಬದುಕಿ ಬದುಕಿ ಸಾಕಾಗಿತ್ತು. ಎಲ್ಲರೂ ಕುಡೀತಿದ್ರು."

ಅಷ್ಟು ಹೊತ್ತೂ ಚಾಚಾ ಹೊರಗೆ ಓಣಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಸರದಿ ತಪ್ಪಿ ಅವರ ಮುಖವೂ ಊದಿಕೊಂಡಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಜೊತೆಗೆ ಬಂದಿದ್ದ ಮಗಳು, "ಅಬ್ಬಾ, ಒಂದು ಗಳಿಗೆ ಕೂತ್ಕೊಳ್ರಿ," ಎಂದು ಹಿಂದೆ ಹಿಂದೆ ತಿರುಗುತ್ತಿದ್ದಳು. ಮಧ್ಯಾಹ್ನದ ಸರದಿಯಲ್ಲಿ ಅವರಿಗೆ ಸೂಜಿ ಹಾಕುವಾಗ ಕೇಳಿದರು, "ಬೆಳಿಗ್ಗೆ ಡಾಕ್ಟ್ರು ಮೊದಲು ಕೊಟ್ಟ ಇಂಜೆಕ್ಷನ್ ಯಾವುದವ್ವ?"

"ಕ್ಯಾಲ್ಸಿಯಂ. ಪೊಟ್ಯಾಸಿಯಂ ಎದೆ ಹಿಡಿದಾಗ ಅದು ಕಾಯ್ತೈತೆ."

"ಒಂದು ಲೋಹದಿಂದ ಕೆಡೋದನ್ನ ಇನ್ನೊಂದು ಲೋಹ ಬಳಿದು ಕಾಯೋದು," ಎಂದರು. "ಹಂಗಾದ್ರೆ ನಿಮ್ಮ ಡಾಕ್ಟ್ರೂ ಕಲಾಯಿ ಕೆಲಸದೋರೇ."

ನನಗೆ ನಗು ಬರಲಿಲ್ಲ. ರಾತ್ರಿ ಬಾಡಿಗೆ ಕೋಣೆಗೆ ಹೋಗಿ ಒಲೆ ಹಚ್ಚಿದೆ, ಆರಿಸಿದೆ. ಆ ಮುದುಕ ಕೈ ಎಳೆದುಕೊಳ್ಳದೆ ಹೋಗಿದ್ದರೆ ಟೀಚರ್ ಮಧ್ಯಾಹ್ನದವರೆಗೆ ಬೆಂಚಿನ ಮೇಲೇ ಇರುತ್ತಿದ್ದರು. ಬೆಂಚಿನ ಮೇಲೆ ಎಷ್ಟು ಹೊತ್ತು ಇರುತ್ತಿದ್ದರು ಎಂದು ಯೋಚಿಸಿದಷ್ಟೂ ಕೋಣೆ ಸಣ್ಣದಾಗುತ್ತಿತ್ತು. ಬುಧವಾರ ಚಾಚಾ ಬಂದ ಕೂಡಲೇ ಹೇಳಿದೆ, "ನಾನು ಅವರನ್ನ ನೋಡಲೇ ಇಲ್ಲ ಚಾಚಾ. ಕಣ್ಣೆದುರಿಗೇ ಇದ್ರು."

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನೀನು ಮಶೀನ್ ನೋಡ್ತಿದ್ದೆ. ನಾನೂ ಕೆಲಸ ಕಲಿಯೋವಾಗ ಬೆಂಕಿ ನೋಡ್ತಿದ್ದೆ. ಪಾತ್ರೆ ನೋಡಾಕೆ ಮೂರು ವರ್ಷ ಹಿಡೀತು. ಈಗ ತವರ ಇಡು ಅಂತ ಪಾತ್ರೆನೇ ಹೇಳ್ತೈತೆ, ಬಣ್ಣದಾಗೆ. ಬೆಂಕಿ ಹೇಳಲ್ಲ."

ಶಿವಮೊಗ್ಗದ ಸಂದರ್ಶನಕ್ಕೆ ನಾನು ಹೋಗಲಿಲ್ಲ. ಅದು ತ್ಯಾಗವೇನೂ ಅಲ್ಲ. ಇಷ್ಟೂ ಗೊತ್ತಿಲ್ಲದೆ ಇನ್ನೊಂದು ಕಡೆ ಹೋಗಿ ಇನ್ನೊಬ್ಬರ ಕೈ ಹಿಡಿಯಲು ಹೆದರಿಕೆಯಾಯಿತು. ಇವತ್ತಿಗೂ ಸೂಜಿ ಹಿಡಿಯುವ ಮೊದಲು ಬಂದವರ ಕೈಗೆ ಏನಾದರೂ ಕೊಡುತ್ತೇನೆ, ಪೆನ್ನೋ, ಫೈಲೋ, ಅವರದೇ ಚೀಲವೋ. ಹೇಗೆ ಹಿಡಿಯುತ್ತಾರೆ ಎಂದು ನೋಡುತ್ತೇನೆ. ಕೆಲಸ ಕಲಿಯಲು ಬರುವ ಹುಡುಗಿಯರು ಇದು ನನ್ನ ಯಾವುದೋ ಶಾಸ್ತ್ರ ಎಂದುಕೊಂಡಿದ್ದಾರೆ.

ಆಮೇಲೆ ಟೀಚರ್ ಚಾಚಾನ ಒಂದು ಪದಬಂಧವನ್ನು ದುಂಡಾಗಿ ನಕಲು ಮಾಡಿ ಒಂದು ವಾರಪತ್ರಿಕೆಗೆ ಕಳಿಸಿದರು. ಅದು ಅಚ್ಚಾಗಿಯೂ ಬಿಟ್ಟಿತು. ಚಾಚಾ ಆ ದಿನ ಪೇಪರು ಹಿಡಿದು ಪ್ರತಿ ಹಾಸಿಗೆಗೂ ಹೋಗಿ ತೋರಿಸಿದರು. ಮುಂದಿನ ವಾರ ಉತ್ತರ ಬಂತು. ತವರ ಎಂದು ಇರಬೇಕಾದ ಕಡೆ ತವರು ಎಂದು ಅಚ್ಚಾಗಿತ್ತು.

ಅವರ ಸಂಕಟ ನೋಡಲಾಗುತ್ತಿರಲಿಲ್ಲ. "ರ ಅಕ್ಷರಕ್ಕೆ ಒಂದು ಕೊಂಬು ಕೊಟ್ಟು ನನ್ನ ಮರ್ಯಾದೆ ತೆಗೆದ್ರು. ಕಲಾಯಿಯವನಿಗೆ ತವರ ಬರೆಯಾಕೆ ಬರಲ್ಲ ಅಂತಾರೆ ಜನ."

"ಮೂರು ಮನೆಗೆ ಸರಿ ಹೋಗೈತಲ್ಲ ಚಾಚಾ," ಎಂದೆ.

"ಮನೆಗೆ ಸರಿ ಹೋದ್ರೆ ಆತಾ? ಹೆಣ್ಮಕ್ಕಳು ಹುಟ್ಟಿದ ಮನೆ ತವರು. ಅದನ್ನ ಪಾತ್ರೆಗೆ ಹೆಂಗೆ ಬಳಿಯೋದು?"

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಚಾ ನಗಲಿಲ್ಲ. ತಿದ್ದುಪಡಿ ಹಾಕಿ ಎಂದು ಪತ್ರಿಕೆಗೆ ಕಾರ್ಡು ಬರೆದರು, ಎರಡು ವಾರ ಬಿಟ್ಟು ಇನ್ನೊಂದು. ಪ್ರತಿ ವಾರ ಬಂದ ಕೂಡಲೇ ಮೊದಲ ಮಾತು, "ಹಾಕ್ಯಾರಾ?" ಹಾಕಿರಲಿಲ್ಲ. ನಾಲ್ಕು ತಾಸಿನ ಮಧ್ಯೆ ಇದ್ದಕ್ಕಿದ್ದಂತೆ, "ಒಂದು ಸಲ ನಾನೇ ಹೋಗಿ ಕೇಳಿಬರ್ತೀನಿ," ಎಂದು ಎದ್ದು ಕೂರಲು ನೋಡುತ್ತಿದ್ದರು. ಸೂಜಿ ಇರುವುದು ಮರೆತೇ ಹೋಗುತ್ತಿತ್ತು ಅವರಿಗೆ.

ಚಳಿಗಾಲ ಶುರುವಾದ ಒಂದು ಬುಧವಾರ ಆರೂವರೆಗೆ ಅವರು ಬರಲಿಲ್ಲ. ಬಸ್ಸು ತಡವಾಗಿರಬೇಕು ಎಂದುಕೊಂಡೆ. ಏಳಾಯಿತು. ಅವರ ಮಶೀನು ಸಿದ್ಧವಾಗಿ ಸುಮ್ಮನೆ ತಿರುಗುತ್ತಿತ್ತು. ಬಾಗಿಲಿಗೆ ಎರಡು ಸಲ ಹೋಗಿ ಬಂದೆ. ಏಳು ಕಾಲಕ್ಕೆ ಮಗಳು ಫೋನು ಮಾಡಿದಳು.

"ಅಬ್ಬಾ ನಮಾಜ್ ಮುಗಿಸಿ, ಬಸ್ಸಿಗೆ ಹೊತ್ತಾತು ಅಂತ ಚಪ್ಪಲಿ ಹಾಕ್ಕೊಂಡ್ರು ಅಕ್ಕಾ. ಹೊಸ್ತಿಲ ಮೇಲೆ ಕೂತ್ರು. ಎಬ್ಬಿಸಾಕೆ ಹೋದ್ರೆ ಏಳಲಿಲ್ಲ."

ಟೀಚರ್‌ಗೆ ಆಗಲೇ ಸೂಜಿ ಹಾಕಿಯಾಗಿತ್ತು. ಹೇಳಬಾರದಿತ್ತು, ಮುಗಿಯುವವರೆಗೆ ಕಾಯಬೇಕಿತ್ತು. ನನ್ನ ಮುಖ ನೋಡಿ ಅವರೇ ಕೇಳಿದರು, ಹೇಳಿಬಿಟ್ಟೆ. ಅವರು ಸದ್ದಿಲ್ಲದೆ ಅತ್ತರು. ಮೈ ಕುಲುಕಿ ಮತ್ತೆ ಮತ್ತೆ ಅವರ ಮಶೀನು ಬಡಿದುಕೊಳ್ಳುತ್ತಿತ್ತು, ನಾನು ಮತ್ತೆ ಮತ್ತೆ ಹೋಗಿ ಗುಂಡಿ ಒತ್ತಿ ನಿಲ್ಲಿಸುತ್ತಿದ್ದೆ.

ನಮ್ಮಲ್ಲಿ ಒಂದು ನಿಯಮವಿದೆ. ಒಬ್ಬರ ಜಾಗ ಖಾಲಿಯಾದರೆ ಅದನ್ನು ಅಂದೇ ತುಂಬಬೇಕು. ಕಾಯುವವರ ಪಟ್ಟಿ ಉದ್ದ ಇದೆ, ಒಂದೊಂದು ಸರದಿ ತಪ್ಪಿದರೂ ಪಟ್ಟಿಯಲ್ಲಿರುವ ಯಾರಿಗೋ ಜೀವಕ್ಕೆ ಬರುತ್ತದೆ. ಎಂಟು ಗಂಟೆಗೆ ಪಟ್ಟಿ ತೆಗೆದೆ. ಮೊದಲ ಹೆಸರು ಚನ್ನಗಿರಿಯ ಹತ್ತಿರದ್ದೇ ಒಂದು ಹಳ್ಳಿಯವರದು. ಇಲ್ಲಿ ಜಾಗ ಸಿಗದೆ ವಾರಕ್ಕೆ ಮೂರು ಸಲ ದಾವಣಗೆರೆಗೆ ಹೋಗಿ ಬರುತ್ತಿದ್ದರು. ಫೋನು ಎತ್ತಿದ್ದು ಅವರ ಹೆಂಡತಿ. ನಾನು ಯಾರೆಂದು ಹೇಳಿ ಮುಗಿಸುವ ಮೊದಲೇ ಆಕೆಯ ದನಿ ಏರಿತು.

"ಜಾಗ ಸಿಕ್ತಾ ಮೇಡಂ? ಖರೇನಾ? ಆರು ತಿಂಗಳಾತು ರೀ ಈ ಫೋನಿಗೆ ಕಾದು. ಇದರಾಗೆ ಯಾರಿಗೆ ಕೈ ಮುಗೀಬೇಕು ಹೇಳ್ರಿ, ಮುಗೀತೀನಿ."

ಹೇಳಲು ನನಗೆ ಒಂದು ಹೆಸರಿತ್ತು. ಬಾಯಿಗೂ ಬಂತು.

"ರಿಪೋರ್ಟ್ ಎಲ್ಲಾ ತಗೊಂಡು ಈಗಲೇ ಹೊರಡ್ರಿ," ಎಂದೆ. "ಮಶೀನು ರೆಡಿ ಐತೆ."